ಬೋರ್ಡೋ: ಮದ್ದಿನ ಹೆಸರಲ್ಲ, ಊರಿನ ಹೆಸರು

ಮಳೆ ಹಿಡಿಯುವ ಮುನ್ನ ಅಡಿಕೆಗೆ ಬೋರ್ಡೋ ಹೊಡೆಸದ ಸದಸ್ಯರು ನಮ್ಮ ಸಂಘದಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಬೋರ್ಡೋ ಎಂಬುದು ಫ್ರಾನ್ಸಿನ ಒಂದು ನಗರವೆಂದೂ, ಅದು ಲೋಕಪ್ರಸಿದ್ಧವಾದದ್ದು ಮೈಲುತುತ್ತದಿಂದಲ್ಲ, ಕೆಂಪು ವೈನಿನಿಂದ ಎಂದೂ ಬಲ್ಲವರು ಕಡಿಮೆ. ಕುಡಿತದ ಪ್ರಚಾರ ನಮ್ಮ ಉದ್ದೇಶವಲ್ಲ. ಬೆಳೆಗಾರರ ಕಣ್ಣಿನಿಂದ ಆ ಸೀಮೆಯನ್ನು ಒಮ್ಮೆ ನೋಡೋಣವೆಂದಷ್ಟೆ.

ಗ್ಯಾರೋನ್ ಮತ್ತು ಡೋರ್ಡೋನ್ ನದಿಗಳು ಬೋರ್ಡೋ ನಗರ ದಾಟಿದ ಮೇಲೆ ಕೂಡಿ, ಜಿರೋಂಡ್ ಅಳಿವೆಯಾಗಿ ಅಟ್ಲಾಂಟಿಕ್ ಸಾಗರ ಸೇರುತ್ತವೆ. ಅಳಿವೆಯ ಎಡದಂಡೆಯೇ ಮೆಡಾಕ್ ಸೀಮೆ. ಅಲ್ಲಿನ ಸೇಂಟ್ ಜೂಲಿಯನ್ ಗ್ರಾಮದ ದ್ರಾಕ್ಷಿ ತೋಟವೆಲ್ಲ ಸೇರಿದರೆ ಸುಮಾರು 900 ಹೆಕ್ಟೇರ್. ನೆಲವೋ, ನಮ್ಮವರು ಕಂಡರೆ ಮೂಗು ಮುರಿಯುವಂಥದು. ನದಿ ತಂದು ಹಾಕಿದ ನೊರಜುಗಲ್ಲೇ ಎಲ್ಲೆಲ್ಲೂ. ಆದರೆ ಆ ಕಲ್ಲು ಬೇರಿನ ಬಳಿ ನೀರು ನಿಲ್ಲಗೊಡುವುದಿಲ್ಲ. ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ.

ಅಲ್ಲಿಯ ಮುಖ್ಯ ತಳಿಯಾದ ಕ್ಯಾಬರ್ನೆ ಸೊವಿನ್ಯೋನ್‌ಗೆ ಬೇಕಾದದ್ದೂ ಇದೇ, ಏಕೆಂದರೆ ಅದು ತಡವಾಗಿ ಹಣ್ಣಾಗುವ ಜಾತಿ. ಒಂದು ಕೆಂಪು ದ್ರಾಕ್ಷಿಗೂ ಒಂದು ಬಿಳಿ ದ್ರಾಕ್ಷಿಗೂ ತಾನಾಗಿ ಹುಟ್ಟಿದ ಮಿಶ್ರತಳಿ ಇದೆಂದು 1997ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆ ತೋರಿಸಿತು. ಹಣ್ಣು ಸಣ್ಣದು, ಸಿಪ್ಪೆ ದಪ್ಪ. ವೈನಿನ ಬಣ್ಣವೂ ಒಗರೂ ಆ ಸಿಪ್ಪೆಯದೇ. ಅಡಿಕೆಯ ಚೊಗರನ್ನು ಬಲ್ಲ ನಮಗೆ ಟ್ಯಾನಿನ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಒಗರನ್ನು ಮೆದುಗೊಳಿಸಲು ಮೆರ್ಲೋ ಎಂಬ ಇನ್ನೊಂದು ತಳಿಯನ್ನು ಬೆರೆಸಿ, 225 ಲೀಟರಿನ ಓಕ್ ಪೀಪಾಯಿಗಳಲ್ಲಿ ವರ್ಷ, ಒಂದೂವರೆ ವರ್ಷ ಇಡುತ್ತಾರೆ. ಒಳ್ಳೆಯ ಸಾಲಿನ ವೈನು ಸೀಸೆಯಲ್ಲಿ ದಶಕಗಟ್ಟಲೆ ಬಾಳುತ್ತದೆ.

1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ಮೆಡಾಕ್ ವೈನುಗಳನ್ನು ಐದು ದರ್ಜೆಗಳಲ್ಲಿ ಪಟ್ಟಿ ಮಾಡಿದರು. ಅವರ ಅಳತೆಗೋಲು ಮಾರುಕಟ್ಟೆಯ ಬೆಲೆ. ಸೇಂಟ್ ಜೂಲಿಯನ್ನಿನ 11 ತೋಟಗಳು ಇಂದಿಗೂ ಆ ಪಟ್ಟಿಯಲ್ಲಿವೆ. 1936ರಿಂದ ಊರಿನ ಹೆಸರಿಗೇ ಕಾನೂನಿನ ಕಾವಲುಂಟು: ಆ ಗಡಿಯೊಳಗಿನ ಹಣ್ಣೇ ಆಗಬೇಕು, ಒಪ್ಪಿತ ತಳಿಯೇ ಆಗಬೇಕು, ಹೆಕ್ಟೇರಿಗೆ ಇಷ್ಟೇ ಇಳುವರಿ ಎಂಬ ಮಿತಿಯೂ ಉಂಟು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೆ ಕ್ಯೂರಿಂಗ್ ವರ್ಕ್ಸಿನ ಬಾಗಿಲು ದಾಟಿದ ಮೂಟೆ ಯಾವ ಗುಡ್ಡದ್ದೆಂದು ಕೇಳುವವರು ಎಷ್ಟು ಮಂದಿ?

ಇನ್ನು ಮದ್ದಿನ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ತೋಟಗಳಿಗೆ ಪೆಟ್ಟಿನ ಮೇಲೆ ಪೆಟ್ಟು. 1850ರ ದಶಕದಲ್ಲಿ ಬೂದಿರೋಗ, ಗಂಧಕದಿಂದ ತಡೆದರು. ಆಮೇಲೆ ಬೇರು ತಿನ್ನುವ ಫಿಲಾಕ್ಸೆರಾ ಹೇನು. ಅಮೆರಿಕದ ಬೇರಿಗೆ ತಮ್ಮ ತಳಿಯ ಕಸಿ ಕಟ್ಟಿ ಬದುಕಿಕೊಂಡರು. 1878ರಲ್ಲಿ ಬೂಜುತುಪ್ಪಟ ಬಂತು. ನಮ್ಮ ಕೊಳೆರೋಗದ ಜೀವಿಯ ದೂರದ ನೆಂಟ, ಅದರಂತೆಯೇ ಮಳೆನೀರಿನಲ್ಲಿ ಹರಡುವಂಥದು.

1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಸೇಂಟ್ ಜೂಲಿಯನ್ನಿನಲ್ಲಿ ಹಾದುಹೋಗುತ್ತಿದ್ದರು. ಒಳಗಿನ ಬಳ್ಳಿಗಳ ಎಲೆ ಉದುರಿತ್ತು. ರಸ್ತೆಯಂಚಿನ ಸಾಲುಗಳಲ್ಲಿ ಮಾತ್ರ ಎಲೆ ಗಟ್ಟಿಯಾಗಿ ನಿಂತಿತ್ತು, ಮೈಮೇಲೆ ನೀಲಿ ಕಲೆ. ಡುಕ್ರು ಬೋಕಾಯು ತೋಟದ ಮೇನೇಜರ್ ಅರ್ನೆಸ್ಟ್ ಡೇವಿಡ್‌ರನ್ನು ವಿಚಾರಿಸಿದಾಗ ತಿಳಿದದ್ದಿಷ್ಟು: ದಾರಿಹೋಕರು ಹಣ್ಣು ಕದಿಯದಿರಲಿ, ವಿಷವೆಂದು ಹೆದರಲಿ ಎಂದು ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರು! ಡೇವಿಡ್‌ರ ನೆರವಿನಿಂದ ತೋಟದಲ್ಲಿ ಪ್ರಯೋಗ ನಡೆಸಿ, ಮಿಲಾರ್ಡೆ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಇದನ್ನೇ ಅಡಿಕೆಯ ಕೊಳೆಗೆ ಬಳಸಿ ತೋರಿಸಿದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ನಮ್ಮವರ ಗತಿ.

ಮದ್ದು ಹುಟ್ಟಿದ ನಾಡಿನಲ್ಲಿಯೇ ಈಗ ಅದಕ್ಕೆ ಕಡಿವಾಣ ಬಿದ್ದಿದೆ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಸೇರುತ್ತಲೇ ಹೋಗುತ್ತದೆ. ಹೆಚ್ಚಾದರೆ ಎರೆಹುಳುವಿಗೆ ಕೇಡು. ಆದಕಾರಣ 2019ರಿಂದ ಯೂರೋಪಿನ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರವೆಂದು ಮಿತಿ ಹಾಕಿತು. ಸರಾಸರಿ ವರ್ಷಕ್ಕೆ 4 ಕಿಲೋ. ಮೈಲುತುತ್ತದಲ್ಲಿ ತಾಮ್ರ ಕಾಲುಭಾಗ ಮಾತ್ರ; ಎಂದರೆ ವರ್ಷಕ್ಕೆ 16 ಕಿಲೋ ಮೈಲುತುತ್ತ. ಶೇಕಡಾ ಒಂದರ ದ್ರಾವಣವಾದರೆ 1,600 ಲೀಟರ್. ನಮ್ಮ ಮಳೆ ಬೇರೆ, ನಮ್ಮ ಬೆಳೆ ಬೇರೆ, ಆ ಮಿತಿ ನಮಗೆ ಹಾಗೆಯೇ ಅನ್ವಯಿಸದು. ಆದರೂ ತಮ್ಮ ತೋಟದ ಲೆಕ್ಕ ಎಲ್ಲಿ ನಿಲ್ಲುತ್ತದೆಂದು ನೋಡಬಯಸುವವರು ಕಚೇರಿಗೆ ಬರಲಿ. ಯಾರು ಎಷ್ಟು ಮೈಲುತುತ್ತ ಒಯ್ದರೆಂಬುದು ನಮ್ಮ ಮಾರಾಟದ ಪುಸ್ತಕದಲ್ಲಿ ವರ್ಷವಾರು ಬರೆದಿದೆ.