ಮುರಿದ ಸೂಜಿಗೆ ತೋಫು ಹಾಸಿಗೆ

ನಮ್ಮ ಕಾಶಿವಾನೊಹಾ ಕ್ಯಾಂಪಸ್ ನಿಲ್ದಾಣದಲ್ಲಿ ಸುಕುಬಾ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಸಾಕುಸಾ. ಅಲ್ಲಿನ ಸೆನ್ಸೋಜಿ ದೇವಸ್ಥಾನದ ಅವಾಶಿಮಾ ಗುಡಿಯಲ್ಲಿ ಪ್ರತಿ ಫೆಬ್ರವರಿ 8ರಂದು ದೊಡ್ಡ ತೋಫು ಇಟ್ಟಿರುತ್ತಾರೆ. ಮುರಿದ, ಬಾಗಿದ ಸೂಜಿಗಳನ್ನು ಜನ ಅದಕ್ಕೆ ಚುಚ್ಚಿ ಕೈಮುಗಿಯುತ್ತಾರೆ. ಇದರ ಹೆಸರು ಹರಿ-ಕುಯೋ. ಜಪಾನಿಯಲ್ಲಿ ‘ಹರಿ’ ಎಂದರೆ ಸೂಜಿ, ನಮ್ಮ ಹರಿ ಅಲ್ಲ! ಗಟ್ಟಿ ಬಟ್ಟೆಯಲ್ಲಿ ದುಡಿದ ಸೂಜಿ ಕೊನೆಗೆ ಮೆತ್ತಗೆ ಮಲಗಲಿ ಎಂಬ ಭಾವನೆ.

ಆಯುಧಪೂಜೆಯಲ್ಲಿ ನಾವೂ ಹೊಲಿಗೆ ಯಂತ್ರಕ್ಕೆ, ಕತ್ತರಿಗೆ ಕುಂಕುಮ ಹಚ್ಚುತ್ತೇವೆ. ಆದರೆ ಅದು ಕೆಲಸ ಮಾಡುವ ಸಾಮಾನಿಗೆ. ಕೆಟ್ಟುಹೋದದ್ದಕ್ಕೂ ನಮಸ್ಕಾರ ಮಾಡುವುದು ನನಗೆ ತುಂಬಾ ಹಿಡಿಸಿತು.

ಆದರೂ ತೋಫುವಿಗೆ ಕಳಿಸುವ ಮೊದಲು ಅದು ನಿಜವಾಗಿ ಕೆಟ್ಟಿದೆಯೇ ನೋಡಬೇಕು. ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುವ ನಮ್ಮಜ್ಜಿ ಸೂಜಿಯನ್ನು ಸುಲಭಕ್ಕೆ ಎಸೆಯುವವರಲ್ಲ. ತುಸು ತುಕ್ಕಿದ್ದರೆ ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಎಣ್ಣೆ ಹಚ್ಚಿದ ತಲೆಗೂದಲಿಗೆ ಒಮ್ಮೆ ಸವರಿದರೆ ಮತ್ತೆ ಸರಾಗ ಓಡುತ್ತದೆ. ಜಪಾನಿನಲ್ಲೂ ಹಿಂದೆ ಸೂಜಿ ಚುಚ್ಚಿಡುವ ದಿಂಬಿನೊಳಗೆ ಕೂದಲು ತುಂಬುತ್ತಿದ್ದರಂತೆ. ಜಿಡ್ಡಿದ್ದರೆ ತುಕ್ಕು ಹತ್ತದು. ಕಣ್ಣು ಮುರಿದ ಸೂಜಿಗೆ ಅರಗಿನ ತಲೆ ಕೂರಿಸಿದರೆ ಗುಂಡುಪಿನ್ನು ಸಿದ್ಧ. ಕ್ವಿಲ್ಟ್ ಹೊಲಿಯುವವರ ರೋಟರಿ ಕಟರ್ ಗೊತ್ತಲ್ಲ, 1979ರಲ್ಲಿ ಒಸಾಕಾದ ಓಲ್ಫಾ ಕಂಪನಿ ತಂದದ್ದು? ಅದರ ಮೊಂಡು ಬ್ಲೇಡು ಬಟ್ಟೆಗೆ ಬಾರದಿದ್ದರೂ ಕಾಗದ ಕತ್ತರಿಸಲು ಸಾಕು.

ಬಾಗಿದ ಯಂತ್ರದ ಸೂಜಿಯನ್ನು ಮಾತ್ರ ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಓಡುವಾಗ ಮುರಿದು ಕಣ್ಣಿಗೆ ಸಿಡಿಯಬಹುದು. ಅಂಥವನ್ನು, ಮುರಿದ ತುದಿಯನ್ನೂ ಹುಡುಕಿ, ಮುಚ್ಚಳವಿರುವ ಡಬ್ಬಿಗೆ ಹಾಕಿಡಿ. ನಮ್ಮನೆ ಡಬ್ಬಿಯಲ್ಲಿ ಈಗ ಹನ್ನೊಂದು ಇವೆ.