ಕೆರೆಯೂ ನಮ್ಮ ರೂಢಿಯೂ

ಮನುಷ್ಯನು ಪ್ರಕೃತಿಗೆ ಮಾಡುವ ಹಾನಿಗೆ ಜನಸಂಖ್ಯೆಯೂ ಯಂತ್ರಗಳೂ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ನಿಜವೇ ಸರಿ. ಆದರೆ ಇವೆರಡರ ಹಿಂದೆ ಮತ್ತೊಂದು ಕಾರಣವಿರುವುದು. ಅದು ಯಾವುದೆಂದರೆ, ನಮ್ಮ ರೂಢಿ. ಯಾವುದನ್ನು ನಮ್ಮದೆಂದು ಎಣಿಸಬೇಕು, ಕೊಳೆಯನ್ನು ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ನಿಶ್ಚಯಿಸುವುದು ರೂಢಿಯೇ. ವೈಟ್‌ಫೀಲ್ಡಿಗೆ ಸಮೀಪದ ಬೆಳ್ಳಂದೂರು, ವರ್ತೂರು ಕೆರೆಗಳ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಆದುದರಿಂದ ಪೂರ್ವಿಕರು ಮಳೆಯ ನೀರನ್ನು ಕೆರೆಗಳಲ್ಲಿ ನಿಲ್ಲಿಸಿ, ಒಂದರ ಹೆಚ್ಚಿನ ನೀರು ಕಾಲುವೆಯ ಮೂಲಕ ಮುಂದಿನದಕ್ಕೆ ಹರಿಯುವಂತೆ ಏರ್ಪಡಿಸಿದರು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೀರು ವರ್ತೂರಿಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ನೀರಗಂಟಿಯು ತೂಬನ್ನೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದನು. ಬೇಸಿಗೆಯಲ್ಲಿ ರೈತರು ಹೂಳನ್ನು ಗಾಡಿಗಳಲ್ಲಿ ತಮ್ಮ ಹೊಲಗಳಿಗೆ ಒಯ್ಯುತ್ತಿದ್ದರು. ಇದರಿಂದ ಹೊಲಕ್ಕೆ ಗೊಬ್ಬರವೂ ಕೆರೆಗೆ ಆಳವೂ ಒದಗುತ್ತಿದ್ದವು. ಕೆರೆ ಕೋಡಿ ಬಿದ್ದಾಗ ಊರವರು ಕೂಡಿ ಬಾಗಿನ ಅರ್ಪಿಸುತ್ತಿದ್ದರು. ಆ ಕಾಲವು ದೋಷರಹಿತವಾಗಿದ್ದಿತೆಂದು ಹೇಳಲಾಗದು. ಜಾತಿಯ ಕಾರಣದಿಂದ ನೀರಿನಿಂದ ದೂರವಿರಿಸಲ್ಪಟ್ಟವರೂ ಇದ್ದರು. ಆದರೂ ಕುಡಿಯುವ ನೀರು ಕಣ್ಣಮುಂದೆಯೇ ಇದ್ದುದರಿಂದ ಅದನ್ನು ಕೆಡಿಸಲು ಜನರು ಅಂಜುತ್ತಿದ್ದರು.

ನಗರಕ್ಕೆ 1896ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ಕೊಳಾಯಿ ನೀರು ಬಂದಿತು. ಇದರಿಂದಾದ ಉಪಕಾರವು ಅಲ್ಪವಲ್ಲ. ಕೊಡ ಹೊರುವ ಶ್ರಮವು ಎಷ್ಟೋ ಹೆಂಗಸರಿಗೆ ತಪ್ಪಿತು. ಆದರೆ ನಲ್ಲಿಯನ್ನು ತಿರುಗಿಸುವವರಿಗೆ ಕೆರೆಯನ್ನು ನೋಡುವ ಅಗತ್ಯವೇ ಉಳಿಯಲಿಲ್ಲ. ಎಲ್ಲರದಾಗಿದ್ದ ಕೆರೆಯು ಯಾರದೂ ಅಲ್ಲದಂತಾಯಿತು. ತರುವಾಯ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳ ಸುತ್ತ ಕಚೇರಿಗಳೂ ವಸತಿಗೃಹಗಳೂ ಎದ್ದವು. ಮಳೆನೀರಿನ ಕಾಲುವೆಗಳು ಚರಂಡಿಗಳಾದವು.

ಮನೆಯೊಳಗಿನ ರೂಢಿಯೂ ಬದಲಾಯಿತು. ಹಿಂದೆ ಪಾತ್ರೆಗೆ ಬೂದಿ, ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟುವಾಳ ಸಾಕಾಗಿದ್ದವು. ಈಗ ಅವುಗಳ ಸ್ಥಾನದಲ್ಲಿ ರಾಸಾಯನಿಕ ಮಾರ್ಜಕದ ಪುಡಿಗಳು ಬಂದಿವೆ. ಇವು ಶುದ್ಧಿಯಾಗದ ಕೊಳೆನೀರಿನೊಡನೆ ಕೆರೆಯನ್ನು ಸೇರಿ, ನೀರು ಕೋಡಿಯಿಂದ ಧುಮುಕುವಾಗ ನೊರೆಯಾಗಿ ಏಳುತ್ತವೆ. ಕೊಳೆನೀರಿನ ಸಾರಜನಕವೂ ರಂಜಕವೂ ಜೊಂಡನ್ನೂ ಕಳೆಯನ್ನೂ ಕೊಬ್ಬಿಸುತ್ತವೆ. ಅವು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವು ಕಡಮೆಯಾಗಿ ಮೀನುಗಳು ಸಾಯುತ್ತವೆ. 2015ರ ಮೇ ತಿಂಗಳಿನಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆ ಮತ್ತೆ ಹೊತ್ತಿ ಉರಿಯಿತು. ಬೆಂಕಿಯನ್ನು ಆರಿಸತಕ್ಕ ನೀರೇ ಉರಿಯುವುದೆಂದರೆ ಇದಕ್ಕಿಂತ ಶೋಚನೀಯವಾದ ಸಂಗತಿಯುಂಟೆ? ಬಾಗಿನ ಅರ್ಪಿಸುತ್ತಿದ್ದ ಕೋಡಿಯ ಬಳಿಯಲ್ಲಿಯೇ, ನೊರೆಯು ರಸ್ತೆಗೆ ಹಾರದಂತೆ ಬಲೆ ಕಟ್ಟಬೇಕಾಯಿತು. ಈ ಹಾನಿಯನ್ನು ಕಾರ್ಖಾನೆಗಳ ಮೇಲೆ ಮಾತ್ರ ಹೊರಿಸುವಂತಿಲ್ಲ. ಪ್ರತಿಯೊಂದು ಮನೆಯ ಬಚ್ಚಲಿಗೂ ಇದರಲ್ಲಿ ಪಾಲುಂಟು.

ಆದರೆ ರೂಢಿಯಿಂದ ಕೆಟ್ಟುದನ್ನು ರೂಢಿಯಿಂದಲೇ ತಿದ್ದಬಹುದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ನೆರೆಯ ನಿವಾಸಿಗಳೂ ನಗರಪಾಲಿಕೆಯೂ ಕೂಡಿ ಉದ್ಧರಿಸಿದರು. ಅಲ್ಲಿ ಹೂಳು ತೆಗೆದುದಷ್ಟೇ ಅಲ್ಲದೆ, ಮಕ್ಕಳನ್ನೂ ಹಿರಿಯರನ್ನೂ ಕೆರೆಯ ಬಳಿಗೆ ಕರೆತರುವ ಕೆರೆ ಹಬ್ಬವನ್ನೂ ನಡೆಸಿದರು. ಹೂಳನ್ನು ಯಂತ್ರಗಳು ತೆಗೆಯಬಲ್ಲವು. ಮಮತೆಯನ್ನು ಜನರೇ ಬೆಳೆಸಿಕೊಳ್ಳಬೇಕು.

ಗೃಹಕೃತ್ಯವನ್ನು ನಡೆಸುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಈ ವಿಷಯವನ್ನು ಆಲೋಚಿಸತಕ್ಕದ್ದು. ನಮ್ಮ ಮನೆಯ ಬಳಕೆಯ ನೀರು ಯಾವ ಕೆರೆಗೆ ಹೋಗುತ್ತದೆ? ವಸತಿಗೃಹದಲ್ಲಿ ಕೊಳೆನೀರನ್ನು ಶುದ್ಧಿಮಾಡುವ ಯಂತ್ರವಿದ್ದರೆ ಅದು ದಿನವೂ ನಡೆಯುತ್ತಿದೆಯೆ? ಒಂದು ಚಮಚ ಪುಡಿಯಿಂದ ಆಗುವ ಕೆಲಸಕ್ಕೆ ಮೂರು ಚಮಚವನ್ನೇಕೆ ಸುರಿಯಬೇಕು? ಈ ಪ್ರಶ್ನೆಗಳನ್ನು ಕೇಳುವುದು ನಮ್ಮ ಮನೆಗಳಲ್ಲಿ ರೂಢಿಯಾಗಲಿ. ನಮ್ಮ ಹೆಣ್ಣುಮಕ್ಕಳು ತಮ್ಮ ಊರಿನ ಕೆರೆಯನ್ನು ಹೆಸರಿನಿಂದಲ್ಲದೆ ಕಣ್ಣಿನಿಂದಲೂ ಬಲ್ಲವರಾಗಲಿ.