ವಿದ್ಯಾರ್ಥಿಯ ಮೊದಲ ಕ್ರೆಡಿಟ್ ಕಾರ್ಡು

ಕ್ರೆಡಿಟ್ ಕಾರ್ಡು ಕೊಡುವ ಮುನ್ನ ಯಾವ ಬ್ಯಾಂಕಾದರೂ ಮೊದಲು ನೋಡುವುದು, ತೀರಿಸಲು ಆದಾಯ ಎಲ್ಲಿದೆ ಎಂದು. ಸಂಬಳದ ಚೀಟಿಯಾಗಲಿ ತೆರಿಗೆ ರಿಟರ್ನ್ ಆಗಲಿ ಇಲ್ಲದ ವಿದ್ಯಾರ್ಥಿಯ ಬಳಿ ಅದಕ್ಕೆ ಉತ್ತರವಿರುವುದಿಲ್ಲ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯಡಿ ಊರ್ಜಿತವಲ್ಲ. ಹಾಗಾಗಿ ಪಿಯುಸಿಯಲ್ಲಿ ಓದುವ ಬಹುತೇಕರ ಮಾತು ಇಲ್ಲಿ ಬರುವುದೇ ಇಲ್ಲ. ಪದವಿ ತರಗತಿಗೆ ಬಂದವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಅಪ್ಪ ಅಮ್ಮನ ಖಾತೆಯ ಮೇಲೆ ಸಿಗುವ ಆ್ಯಡ್-ಆನ್ ಕಾರ್ಡು. ಇನ್ನೊಂದು, ಸ್ವಂತ ಹೆಸರಿನ ನಿಶ್ಚಿತ ಠೇವಣಿಯನ್ನು ಆಧಾರವಾಗಿಟ್ಟು ಪಡೆಯುವ ಕಾರ್ಡು.

ಆ್ಯಡ್-ಆನ್ ಕಾರ್ಡು ಸುಲಭವಾಗಿ ಸಿಗುತ್ತದೆ, ಆದರೆ ಸಾಲದ ಹೊಣೆ ಪೂರ್ತಿ ಮುಖ್ಯ ಕಾರ್ಡುದಾರರದೇ. ಮಗಳು ಹಾಸ್ಟೆಲಿನಿಂದ ಮಾಡಿದ ಖರ್ಚಿನ ಕಂತು ತಪ್ಪಿದರೆ ಕೆಡುವುದು ತಂದೆಯ ಸಾಲದ ದಾಖಲೆ. ಖರ್ಚಿಗೊಂದು ಅನುಕೂಲ ಅಷ್ಟೇ ಬೇಕಿದ್ದವರಿಗೆ ಇದು ಸಾಕು.

ಠೇವಣಿ ಆಧಾರದ ಕಾರ್ಡು ಹೆಚ್ಚು ಉಪಯುಕ್ತ. ಇಪ್ಪತ್ತು ಸಾವಿರ ರೂಪಾಯಿ ಎಫ್‌ಡಿ ಇಟ್ಟರೆ ಸಾಮಾನ್ಯವಾಗಿ ಅದರ ಮುಕ್ಕಾಲು ಪಾಲಿನಿಂದ ಪೂರ್ತಿ ಮೊತ್ತದವರೆಗೆ ಸಾಲದ ಮಿತಿ ಸಿಗುತ್ತದೆ. ಆದಾಯದ ದಾಖಲೆಯನ್ನು ಹೆಚ್ಚಿನ ಬ್ಯಾಂಕುಗಳು ಕೇಳುವುದಿಲ್ಲ. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ. ಕಾರ್ಡು ಮುಚ್ಚುವವರೆಗೆ ಅದನ್ನು ಒಡೆಯುವಂತಿಲ್ಲ ಎನ್ನುವುದೊಂದೇ ಕಟ್ಟುಪಾಡು. ಬಾಕಿ ಉಳಿದೇ ಹೋದರೆ ಬ್ಯಾಂಕು ಠೇವಣಿಯಿಂದ ಮುರಿದುಕೊಳ್ಳುತ್ತದೆ. ಇಲ್ಲಿ ಎರವಲು ಬರುವುದು ಹೆಚ್ಚುಕಡಿಮೆ ತನ್ನದೇ ದುಡ್ಡು. ಅದರಿಂದ ಏನು ಲಾಭ ಎಂದರೆ, ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ, ಸಾಲದ ದಾಖಲೆ ಇಡುವ ನಾಲ್ಕು ಸಂಸ್ಥೆಗಳಲ್ಲಿ ವಿದ್ಯಾರ್ಥಿಯ ಹೆಸರಿನ ದಾಖಲೆ ಶುರುವಾಗುತ್ತದೆ. 300ರಿಂದ 900ರವರೆಗಿನ ಅಂಕ ಹುಟ್ಟುವುದು ಅಲ್ಲಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೈಕ್ ಸಾಲಕ್ಕೆ ಹೋದಾಗ ಆ ದಾಖಲೆ ಉಪಯೋಗಕ್ಕೆ ಬರುತ್ತದೆ. ಶಿಕ್ಷಣ ಸಾಲ ಪಡೆದವರ ಹೆಸರು ಅಲ್ಲಿ ಈಗಾಗಲೇ ಇರುತ್ತದೆ ಎನ್ನುವುದನ್ನು ಬಹಳಷ್ಟು ವಿದ್ಯಾರ್ಥಿಗಳು ಮರೆತಿರುತ್ತಾರೆ.

ಇನ್ನು ಯಾವ ಕಾರ್ಡು ಎಂಬ ಪ್ರಶ್ನೆ. ಮಾಲ್‌ಗಳಲ್ಲಿ ಮೇಜು ಹಾಕಿಕೊಂಡು ಕೂತ ಏಜೆಂಟರು ರಿವಾರ್ಡ್ ಪಾಯಿಂಟಿನ ಮಾತು ಮೊದಲು ಎತ್ತುತ್ತಾರೆ, ವಾರ್ಷಿಕ ಶುಲ್ಕದ್ದನ್ನು ಕೊನೆಗೆ. ಲೆಕ್ಕ ಹಾಕಿದರೆ ತಿಳಿಯುತ್ತದೆ: ತಿಂಗಳಿಗೆ ಐದು ಸಾವಿರ ಖರ್ಚು ಮಾಡುವವರಿಗೆ ಶೇ 1ರಂತೆ ವರ್ಷಕ್ಕೆ ಮರಳುವುದು 600 ರೂಪಾಯಿ. ಶುಲ್ಕ 499 ಎಂದಿದ್ದರೆ ಶೇ 18ರ ಜಿಎಸ್‌ಟಿ ಸೇರಿ 589 ಹೋಗುತ್ತದೆ. ಉಳಿಯುವುದು ಹನ್ನೊಂದು ರೂಪಾಯಿ. ವಿದ್ಯಾರ್ಥಿಗೆ ಶುಲ್ಕವೇ ಇಲ್ಲದ ಕಾರ್ಡು ಸಾಕು. ವಿಮಾನ ನಿಲ್ದಾಣದ ಲೌಂಜು ಇವೆಲ್ಲ ಆಮೇಲಿನ ಮಾತು. ರುಪೇ ಕಾರ್ಡಾದರೆ ಯುಪಿಐಗೆ ಜೋಡಿಸಿ ಕ್ಯೂಆರ್ ಇಟ್ಟ ಅಂಗಡಿಗಳಲ್ಲಿ ಬಳಸಬಹುದು. ಈ ಸೌಲಭ್ಯ ಬಂದದ್ದು 2022ರಲ್ಲಿ. ಗೆಳೆಯರಿಗೆ ಹಣ ಕಳಿಸಲು ಮಾತ್ರ ಅದು ಆಗದು.

ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು ಇನ್ನೊಂದು ದರ ನೋಡಬೇಕು. ಡಾಲರಿನಲ್ಲಿ ಕಟ್ಟುವ ಪ್ರತಿ ಅರ್ಜಿ ಶುಲ್ಕದ ಮೇಲೆ ಅನೇಕ ಕಾರ್ಡುಗಳು ಶೇ 3.5ರಷ್ಟು ವಿನಿಮಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿಸುತ್ತವೆ. ಇಲ್ಲಿ ಗಳಿಸಿದ ಅಂಕ ಅಮೆರಿಕದಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದು. ಅಲ್ಲಿ 2009ರ ಕಾಯ್ದೆಯಂತೆ 21 ತುಂಬದವರು ಸ್ವಂತ ಆದಾಯ ತೋರಿಸಬೇಕು, ಇಲ್ಲವೇ ಸಾಲಕ್ಕೆ ಜೊತೆಗೂಡಿ ಸಹಿ ಹಾಕುವವರನ್ನು ತರಬೇಕು.

ಕಾರ್ಡು ಎಷ್ಟೇ ಒಳ್ಳೆಯದಿರಲಿ, ನಿಜವಾದ ಬೆಲೆ ತಿಳಿಯುವುದು ಬಿಲ್ಲಿನಲ್ಲಿ. ಬಿಲ್ ದಿನಾಂಕ ಪ್ರತಿ ತಿಂಗಳ 5, ಕಟ್ಟಲು ಕೊನೆಯ ದಿನ 25 ಎಂದಿಟ್ಟುಕೊಳ್ಳೋಣ. ಜೂನ್ 6ರಂದು 12,000 ರೂಪಾಯಿಯ ಮೊಬೈಲ್ ಕೊಂಡರೆ ಜುಲೈ 25ರವರೆಗೆ, ಅಂದರೆ 49 ದಿನ, ಬಡ್ಡಿಯಿಲ್ಲ. ಅಂದು ಪೂರ್ತಿ ಕಟ್ಟಿದರೆ ಲೆಕ್ಕ ಚುಕ್ತಾ. ಆದರೆ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು 600 ರೂಪಾಯಿ ಅಚ್ಚಾಗಿರುತ್ತದೆ. ಅಷ್ಟನ್ನೇ ಕಟ್ಟಿದವರ ಬಡ್ಡಿರಹಿತ ಅವಧಿ ಹಿಂದಕ್ಕೆ ಹೋಗಿ, ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಆಗಸ್ಟ್ 5ರ ಬಿಲ್ಲಿಗೆ ಬಡ್ಡಿ ಸುಮಾರು 821, ಅದರ ಮೇಲಿನ ಜಿಎಸ್‌ಟಿ 148. ಆರುನೂರು ಕಟ್ಟಿದ ಮೇಲೂ ಬಾಕಿ 12,369. ಬಾಕಿ ಉಳಿದಿರುವಷ್ಟು ಕಾಲ ಹೊಸದಾಗಿ ಕೊಂಡ ಪುಸ್ತಕ, ರೀಚಾರ್ಜಿಗೂ ಮೊದಲ ದಿನದಿಂದಲೇ ಬಡ್ಡಿ. ಎಟಿಎಂನಿಂದ ನಗದು ತೆಗೆದರಂತೂ ಬಡ್ಡಿರಹಿತ ದಿನವೆಂಬುದೇ ಇಲ್ಲ, ಶುಲ್ಕ ಬೇರೆ.

ಈ ದರಕ್ಕೆ ಶೇ 30ರ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು. ಹಾಗಾಗಿ ಪೂರ್ತಿ ಮೊತ್ತಕ್ಕೇ ಆಟೊ ಡೆಬಿಟ್ ಇಟ್ಟುಕೊಳ್ಳುವುದು ಕ್ಷೇಮ. ಅರ್ಜಿಯ ಫಾರಮಿನಲ್ಲಿ ‘ಕನಿಷ್ಠ’ ಎಂಬ ಚೌಕಕ್ಕೆ ಟಿಕ್ ಬಿದ್ದಿಲ್ಲವೇ ಎಂದು ನೋಡಿಕೊಳ್ಳಬೇಕು. ಕಾರ್ಡಿನ ಸಾಲದ ಮಿತಿಯ ಶೇ 30 ಮೀರದಂತೆ ಖರ್ಚು ಮಾಡಿದರೆ ಅಂಕಕ್ಕೂ ಒಳ್ಳೆಯದು ಎಂಬುದು ರೂಢಿಯ ಲೆಕ್ಕ. ಅಂಕ ಕೊಡುವ ಪ್ರತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ.

ಹೊಸ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿರುತ್ತವೆ. ಬೇಕಾದ್ದನ್ನು ಮಾತ್ರ ಆ್ಯಪಿನಲ್ಲಿ ತೆರೆದು ಮಿತಿ ಹಾಕಬಹುದು. ಕೇಳದೆ ಕಾರ್ಡು ಕಳಿಸುವುದನ್ನು ರಿಸರ್ವ್ ಬ್ಯಾಂಕಿನ ನಿರ್ದೇಶನ ನಿಷೇಧಿಸಿದೆ. ಬಾಕಿ ತೀರಿಸಿ ಕಾರ್ಡು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕರಿಗೆ ಸಲ್ಲುತ್ತದೆ. ದೂರಿಗೆ ಬ್ಯಾಂಕು ಮೂವತ್ತು ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಬರೆಯಬಹುದು.